ಸಿಲಿಕಾನ್ ಬಿಲ್ಲೆ ಸಮನಾಗಿ ಬಿಸಿಯಾಗುವುದೇ ಮುಖ್ಯ ಪ್ರಶ್ನೆ
ಮೈಕ್ರೋವೇವ್ ನೇರವಾಗಿ ಸಿಲಿಕಾನ್ ಬಿಲ್ಲೆಯನ್ನೇ (ಸೌರಕೋಶಕ್ಕೆ ಆಧಾರವಾದ ತೆಳು ಹಾಳೆ, ವೇಫರ್) ಬಿಸಿ ಮಾಡುವುದರಿಂದ ಸೌರಕೋಶ ತಯಾರಿಕೆಯಲ್ಲಿ ವಿದ್ಯುತ್ ಉಳಿಯುತ್ತದೆ ಎಂಬ, ನಿಮ್ಮಲ್ಲಿ ಪ್ರಕಟವಾದ ಲೇಖನದ ವಾದ ತಾತ್ವಿಕವಾಗಿ ಸರಿಯಾಗಿದೆ. ಸೌರಕೋಶ ವಿದ್ಯುತ್ ಕೊಡುವಂತಾಗಲು ಬೇಕಾದ ರಂಜಕವನ್ನು (ಫಾಸ್ಫರಸ್) ಬಿಲ್ಲೆಯೊಳಕ್ಕೆ ಇಳಿಸಲು ಈಗ ಇಡೀ ಕ್ವಾರ್ಟ್ಜ್ ಕೊಳವೆಯನ್ನು 800ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬೇಕಾಗುತ್ತದೆ. ಮೈಕ್ರೋವೇವ್ ಕ್ವಾರ್ಟ್ಜ್ ಮೂಲಕ ಬಹುಮಟ್ಟಿಗೆ ಹಾಗೆಯೇ ಹಾದುಹೋಗುವುದರಿಂದ ಕೊಳವೆಯನ್ನು ಕಾಯಿಸುವ ಶಕ್ತಿ ಉಳಿಯುತ್ತದೆ.

ಆದರೆ ಲೇಖನದಲ್ಲಿ ಬಿಟ್ಟುಹೋಗಿರುವ ಸಂಗತಿಯೊಂದು ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಮುಖ್ಯವಾದದ್ದು. ಸಿಲಿಕಾನ್ ಈ ಅಲೆಗಳನ್ನು ಹೀರಿಕೊಳ್ಳುವುದು ಮುಖ್ಯವಾಗಿ ತನ್ನೊಳಗಿನ ಮುಕ್ತ ಎಲೆಕ್ಟ್ರಾನ್ ಮತ್ತು ರಂಧ್ರಗಳ (ಎಲೆಕ್ಟ್ರಾನ್ ತೆರವಾದ, ಧನ ಆವೇಶದಂತೆ ಚಲಿಸುವ ಜಾಗಗಳು) ಮೂಲಕ. ತಾಪ ಏರಿದಂತೆ ಇವುಗಳ ಸಂಖ್ಯೆಯೂ ಏರುವುದರಿಂದ, ಬಿಲ್ಲೆಯ ಯಾವುದಾದರೂ ಭಾಗ ಸ್ವಲ್ಪ ಹೆಚ್ಚು ಕಾದರೆ ಅದು ಇನ್ನಷ್ಟು ಶಕ್ತಿಯನ್ನು ಹೀರಿ ಮತ್ತಷ್ಟು ಕಾಯುವ ಸಾಧ್ಯತೆ ಇರುತ್ತದೆ. ಸಾಮಾನ್ಯವಾಗಿ ಬಳಸುವ 2.45 ಗಿಗಾಹರ್ಟ್ಸ್ ಅಲೆಯ ಉದ್ದ ಗಾಳಿಯಲ್ಲಿ ಸುಮಾರು 12 ಸೆಂಟಿಮೀಟರ್. ಇಂದಿನ ಬಿಲ್ಲೆಗಳೋ ಸುಮಾರು 18ರಿಂದ 21 ಸೆಂಟಿಮೀಟರ್ ಅಗಲದವು. ಹಾಗಾಗಿ ಒಂದೇ ಬಿಲ್ಲೆಯ ಮೇಲೆ ಪ್ರಬಲ ಮತ್ತು ದುರ್ಬಲ ಕ್ಷೇತ್ರಗಳೆರಡೂ ಬೀಳುತ್ತವೆ, ರಂಜಕ ಒಂದೆಡೆ ಆಳಕ್ಕೂ ಇನ್ನೊಂದೆಡೆ ಮೇಲುಮೇಲಕ್ಕೂ ಇಳಿಯುತ್ತದೆ, ತೆಳುವಾದ ಬಿಲ್ಲೆ ಸೀಳುವುದೂ ಉಂಟು. ಮೈಕ್ರೋವೇವ್ ಹೀರಿ ತಾನೂ ಬಿಸಿಯಾಗುವ ಸಿಲಿಕಾನ್ ಕಾರ್ಬೈಡ್ ಫಲಕದ ಮೇಲಿಟ್ಟು ಕಾಯಿಸಿದರೆ ಈ ಏರುಪೇರು ತಗ್ಗುತ್ತದೆಯಾದರೂ, ಆಗ ಫಲಕವನ್ನೂ ಕಾಯಿಸಬೇಕಾಗಿ ಬಂದು ಉಳಿತಾಯದ ಒಂದು ಪಾಲು ಕೈತಪ್ಪುತ್ತದೆ.

ಕೋಶದಿಂದ ವಿದ್ಯುತ್ತನ್ನು ಹೊರತರುವ ಬೆಳ್ಳಿಯ ಗೆರೆಗಳನ್ನು ಬಿಲ್ಲೆಯ ಮೇಲೆ ಸುಟ್ಟು ಕೂರಿಸುವ ಹಂತಕ್ಕೆ ಮೈಕ್ರೋವೇವ್ ತರುವುದು ನನಗೆ ಸರಿಕಾಣುವುದಿಲ್ಲ. ಲೋಹದ ತುದಿಗಳಲ್ಲಿ ಕಿಡಿ ಹಾರುವ ಅಪಾಯವಿದೆ, ಅತಿಗೆಂಪು ದೀಪಗಳ ಕುಲುಮೆಯಲ್ಲಿ ಆ ಗರಿಷ್ಠ ತಾಪ ಕೆಲವೇ ಸೆಕೆಂಡುಗಳ ಮಾತು. ಅಲ್ಲದೆ ಸಿಲಿಕಾನ್ ಶುದ್ಧೀಕರಣ ಮತ್ತು ಹರಳು ಬೆಳೆಸುವ ಹಂತಗಳಿಗೆ ತಗಲುವ ವಿದ್ಯುತ್ತು ಇದಕ್ಕಿಂತ ಬಹಳ ಹೆಚ್ಚು.

ಬಿಲ್ಲೆಯ ಅಂಚಿನಿಂದ ನಡುವಿನವರೆಗೆ ಮೇಲ್ಪದರದ ವಿದ್ಯುತ್ ರೋಧವನ್ನು (ರಂಜಕ ಎಲ್ಲೆಡೆ ಸಮನಾಗಿ ಇಳಿದಿದೆಯೇ ಎಂದು ತೋರಿಸುವ ಅಳತೆ) ಅಳೆದ ಅಂಕಿಗಳು ಲೇಖಕರ ಬಳಿ ಇದ್ದರೆ ದಯವಿಟ್ಟು ಪ್ರಕಟಿಸಬೇಕು.