ಅಟ್ಟದ ಕೆರೆ ಕೋಡಿ ಬಿದ್ದದ್ದು

ಜನವರಿಯ ಒಂದು ಶನಿವಾರ ಬೆಳಿಗ್ಗೆ ಕಸದ ಡಬ್ಬಿ ಹೊರಗಿಡಲು ಹೋದೆ. ಬೇಲಿಯಾಚೆ ಪಕ್ಕದ ಮನೆಯ ಅಜ್ಜ ನಿಂತಿದ್ದರು. ಚಳಿಯ ಬಗ್ಗೆ ಎರಡು ಮಾತಾಡಿ, ತಮ್ಮ ನಾಯಿಯ ಮಂಡಿನೋವಿನ ವರದಿ ಒಪ್ಪಿಸಿ, ಕೊನೆಗೆ, "ನಿಮ್ಮ ಸೂರಿನ ಕೆಳಗಿನ ಪೈಪು ಸ್ವಲ್ಪ ತೊಟ್ಟಿಕ್ಕುತ್ತಿದೆಯೇನೋ" ಎಂದರು. ತಲೆಯೆತ್ತಿದರೆ ನೀರು ಧಾರೆಯಾಗಿ ಬೀಳುತ್ತಿದೆ! ಕೆಳಗೆ ದಾರಿಯುದ್ದಕ್ಕೂ ಗಾಜಿನಂಥ ಮಂಜುಗಡ್ಡೆ. ಇಂಗ್ಲಿಷರ 'ಸ್ವಲ್ಪ'ವನ್ನು ಹತ್ತರಿಂದ ಗುಣಿಸಿಕೊಳ್ಳಬೇಕು ಅನ್ನುವುದು ಇಂಗ್ಲೆಂಡಿನ ರೀಡಿಂಗ್ ಎಂಬ ಊರಿಗೆ ಬಂದ ಮೇಲೆ ನಾನು ಕಲಿತ ಮೊದಲ ಲೆಕ್ಕ.

ನಮ್ಮದು 1930ರ ದಶಕದ ಮನೆ. ಮೈಸೂರಿನಲ್ಲಿ ನೀರಿನ ಟ್ಯಾಂಕು ತಾರಸಿಯ ಮೇಲೆ ಬಿಸಿಲು ಕಾಯಿಸಿಕೊಂಡು ಕೂತಿರುತ್ತದೆ. ಇಲ್ಲಿ ಹೊರಗಿಟ್ಟರೆ ನೀರು ಹೆಪ್ಪುಗಟ್ಟುತ್ತದೆಂದು ಹೆಂಚಿನ ಕೆಳಗೆ ಅಟ್ಟದ ಕತ್ತಲೆಯಲ್ಲಿ ಬಚ್ಚಿಟ್ಟಿದ್ದಾರೆ. 50 ಗ್ಯಾಲನ್, ಅಂದರೆ 227 ಲೀಟರಿನದು. ತುಂಬಿ ಮಿಕ್ಕ ನೀರು ಸೂರಿನ ಕೆಳಗಿನ ಪೈಪಿನಿಂದ ಹೊರಬೀಳುತ್ತದೆ. ಬೀದಿಯ ನೀರು ನೇರವಾಗಿ ಬರುವುದು ಅಡುಗೆಮನೆಯ ನಲ್ಲಿಗೆ ಮಾತ್ರ. ಬಚ್ಚಲಿನ ತಣ್ಣೀರಿಗೂ ಬಿಸಿನೀರಿನ ಸಿಲಿಂಡರಿಗೂ ಅಟ್ಟವೇ ತಲಕಾವೇರಿ. ಇಲ್ಲಿನ ಹಳೇ ಮನೆಗಳ ವಾಷ್‌ಬೇಸಿನ್ನಿನಲ್ಲಿ ಕೈ ಸುಡುವ ನಲ್ಲಿಯೊಂದು, ಕೈ ಮರಗಟ್ಟಿಸುವ ನಲ್ಲಿಯೊಂದು ಬೇರೆಬೇರೆ ಇರುವುದಕ್ಕೂ ಈ ಟ್ಯಾಂಕೇ ಕಾರಣ. ಅಟ್ಟದಲ್ಲಿ ನಿಂತ ನೀರು ಕುಡಿಯುವ ನೀರಿಗೆ ಬೆರೆಯಬಾರದೆಂಬ ಮಡಿ!

ಮೂರು ವಾರದ ಹಿಂದೆ ಮೈಸೂರಿನಿಂದ ಬಂದಿದ್ದ ನಮ್ಮ ಮಾವನವರು ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಮಫ್ಲರ್ ಸುತ್ತಿಕೊಂಡು ಹೊರಗೆ ಬಂದು ನೋಡಿ, "ಕೋಡಿ ಬಿದ್ದಿದೆ ಅನ್ನಿ. ಬಾಗಿನ ಬಿಡೋಣವೇ?" ಎಂದರು. ಪ್ಲಂಬರಿಗೆ ಫೋನು ಮಾಡಿದೆ. ವಾರಾಂತ್ಯದಲ್ಲಿ ಬಂದು ನೋಡುವುದಕ್ಕೇ 90 ಪೌಂಡು. ಮಾವನವರು ಅದನ್ನು ರೂಪಾಯಿಗೆ ಬದಲಾಯಿಸಿ ಕುರ್ಚಿಯ ಕೈ ಹಿಡಿದುಕೊಂಡರು. "ಒಂದು ವಾಷರ್ ತಾನೇ, ಅಳಿಯಂದಿರೇ?"

ನಮ್ಮ ಮನೆಯ ಅನಾಹುತಗಳೆಲ್ಲ ಈ 'ತಾನೇ'ಯಿಂದಲೇ ಶುರುವಾಗುವುದು.

ಏಣಿ ಹತ್ತಿದೆ. ಊರಿನ ಅಟ್ಟದಲ್ಲಾದರೆ ಹಿತ್ತಾಳೆ ಪಾತ್ರೆ, ದಸರಾ ಗೊಂಬೆಯ ಪೆಟ್ಟಿಗೆ ಸಿಗುತ್ತವೆ. ಇಲ್ಲಿ ಮೊಣಕಾಲುದ್ದ ಗಾಜಿನ ನಾರಿನ ಹಾಸಿಗೆ, ಮುಟ್ಟಿದರೆ ತುರಿಕೆ. ಅದರಡಿ ಎಲ್ಲೋ ಮರದ ತೊಲೆಗಳು. ತೊಲೆಯ ಮೇಲೆ ಮಾತ್ರ ಕಾಲಿಡಬೇಕು. ತಪ್ಪಿ ನಡುವೆ ಇಟ್ಟರೆ ಕಾಲು ನೇರ ಕೆಳಗಿನ ಕೋಣೆಗೆ ಇಳಿಯುತ್ತದೆ, ನಾವು ಮೇಲೇ ಉಳಿಯುತ್ತೇವೆ.

ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಹಾಕಿದೆ. ಒಳಗೆ ಒಂದು ಸರಳು, ಅದರ ತುದಿಗೊಂದು ಚೆಂಡು. ನೀರು ಏರಿದಂತೆ ಚೆಂಡು ತೇಲಿ ಸರಳನ್ನು ಎತ್ತುತ್ತದೆ. ಸರಳಿನ ಬುಡದಲ್ಲಿರುವ ರಬ್ಬರ್ ವಾಷರ್ ನೀರಿನ ಬಾಯಿ ಮುಚ್ಚುತ್ತದೆ. ನಮ್ಮ ವಾಷರ್ ಸವೆದು, ಮೇಲೆ ಸುಣ್ಣ ಕಟ್ಟಿ, ಮುಚ್ಚುವ ಕೆಲಸಕ್ಕೆ ರಾಜೀನಾಮೆ ಕೊಟ್ಟಿತ್ತು. ಕೆಳಗೆ ಏಣಿ ಹಿಡಿದಿದ್ದ ಮಾವನವರು, "ಮಟ್ಟ ಮೀರಿದರೆ ತಾನಾಗಿ ತೆರೆಯೋ ಬಾಗಿಲನ್ನ ವಿಶ್ವೇಶ್ವರಯ್ಯನವರು 1903ರಲ್ಲೇ ಪುಣೆ ಹತ್ತಿರದ ಖಡಕ್ವಾಸ್ಲಾ ಅಣೆಕಟ್ಟಲ್ಲಿ ಕೂರಿಸಿದ್ರು. ನಿಮ್ಮದು ಮಟ್ಟ ಮುಟ್ಟಿದರೆ ತಾನಾಗಿ ಮುಚ್ಚೋದು, ಅಷ್ಟೇ" ಎಂದು ಧೈರ್ಯ ತುಂಬಿದರು.

ವಾಷರ್ ಬದಲಿಸಲು ಮೊದಲು ನೀರು ನಿಲ್ಲಿಸಬೇಕು. ಅಡುಗೆಮನೆಯ ಸಿಂಕಿನಡಿಯ ಮೇನ್ ವಾಲ್ವಿಗೆ ಹಿಂದಿನ ಮನೆಯವರು ಪ್ರೀತಿಯಿಂದ ಮೂರು ಕೋಟು ಪೇಂಟು ಬಳಿದಿದ್ದರು. ನಾನು ತಿರುಗಿಸಿದೆ, ಮಾವನವರು ತಿರುಗಿಸಿದರು, ಇಬ್ಬರೂ ಸೇರಿ ತಿರುಗಿಸಿದೆವು. ಸೊಂಟ ಮಾತ್ರ ತಿರುಗಿತು.

ಸರಿ, ಪ್ಲಂಬರ್ ಬರುವ ಸೋಮವಾರದವರೆಗೆ ತಾತ್ಕಾಲಿಕ ಪರಿಹಾರ: ಟ್ಯಾಂಕಿನ ಬಾಯಿಗೆ ಅಡ್ಡಲಾಗಿ ಒಂದು ಕೋಲಿಟ್ಟು, ಚೆಂಡಿನ ಸರಳನ್ನು ಅದಕ್ಕೆ ಎತ್ತಿ ಕಟ್ಟಿಬಿಡುವುದು. ಈ ದೇಶದಲ್ಲಿ ಅಷ್ಟು ಉದ್ದದ ಕೋಲೆಲ್ಲಿ? ಮಾವನವರು ಸೂಟ್‌ಕೇಸಿನಲ್ಲಿ ಓರೆಯಾಗಿ ಮಲಗಿಸಿಕೊಂಡು ತಂದಿದ್ದ ಮುದ್ದೆ ಕೋಲು ಏಣಿ ಹತ್ತಿ ಬಂತು. ಹಗ್ಗ ಕೇಳಿದ್ದಕ್ಕೆ ಪೈಜಾಮದ ಲಾಡಿ ಬಂತು. ಯಾವ ಪೈಜಾಮದ್ದು ಅಂತ ನಾನು ಕೇಳಲಿಲ್ಲ. ಬಿಗಿದು ಕಟ್ಟಿದೆ. ಧಾರೆ ಹನಿಯಾಯಿತು, ಹನಿ ನಿಂತೇ ಹೋಯಿತು. ಮಾವ ಅಳಿಯ ಇಬ್ಬರೂ ಕಾಫಿ ಕುಡಿದು ಒಬ್ಬರನ್ನೊಬ್ಬರು ಹೊಗಳಿಕೊಂಡೆವು.

ಕೋಡಿ ನಿಲ್ಲಿಸಿದ್ದೇವೆ ಸರಿ, ಆದರೆ ಅದಕ್ಕಾಗಿ ಒಳಹರಿವನ್ನೇ ಕಟ್ಟಿದ್ದೇವೆ ಅನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಅವರಿಗೆ ಮೂವತ್ತು ವರ್ಷ ನೀರಾವರಿ ಇಲಾಖೆಯ ಅನುಭವವಿತ್ತು ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.

ಭಾನುವಾರ ಮಕ್ಕಳ ಸ್ನಾನವಾಯಿತು, ಹೆಂಡತಿಯದಾಯಿತು. ಮಾವನವರು ನೆತ್ತಿಗೆ ಹರಳೆಣ್ಣೆ ತಟ್ಟಿಸಿಕೊಂಡು, ಸೀಗೆಪುಡಿ ಹಿಡಿದು ಬಚ್ಚಲು ಹೊಕ್ಕರು. ಸ್ವಲ್ಪ ಹೊತ್ತಿಗೆ ಶವರು ಎರಡು ಸಲ ಕೆಮ್ಮಿದ ಸದ್ದು. ಆಮೇಲೆ ನಿಶ್ಶಬ್ದ. ಆಮೇಲೆ, "ಅಳಿಯಂದಿರೇ! ಕಣ್ಣು!"

ಸಿಲಿಂಡರಿನ ತುಂಬ ಬಿಸಿನೀರಿದೆ. ಆದರೆ ಅದನ್ನು ಅಟ್ಟದಿಂದ ಇಳಿದ ತಣ್ಣೀರು ಒತ್ತಿದರೆ ಮಾತ್ರ ಹೊರಗೆ ಬರುವುದು. ಟ್ಯಾಂಕು ತಳ ಕಂಡಿತ್ತು. ಅಡುಗೆಮನೆಯ ನಲ್ಲಿಯೊಂದೇ ಗತಿ. ಕೆಟಲಿನಲ್ಲಿ ಐದು ಸಲ ನೀರು ಕಾಯಿಸಿ, ನೆಲ ಒರೆಸುವ ಬಕೆಟ್ಟನ್ನೇ ತೊಳೆದು ಅದರಲ್ಲಿ ಬೆರೆಸಿ, ಮೆಟ್ಟಿಲು ಹತ್ತಿಸಿ, ಜೊತೆಗೊಂದು ಚೊಂಬು ಕೊಟ್ಟೆ. ಒಳಗಿಂದ ಚೊಂಬುಚೊಂಬಾಗಿ ಸುರಿದುಕೊಳ್ಳುವ ಸದ್ದು, ನಡುವೆ ದೇವರನಾಮ. ಕೆಂಪು ಕಣ್ಣಿನಲ್ಲಿ ಹೊರಬಂದವರು, "ಬಂದ ಮೂರು ವಾರಕ್ಕೆ ಇವತ್ತು ಸ್ನಾನ ಮಾಡಿದ ಹಾಗಾಯ್ತು ನೋಡಿ" ಎಂದರು.

ನಾನು ಬಕೆಟ್ ಹೊತ್ತು ಓಡಾಡಿದ್ದು ಕಿಟಕಿಯಿಂದ ಕಂಡಿತೇನೋ, ಪಕ್ಕದ ಮನೆಯ ಅಜ್ಜ ಮಾರುದ್ದದ ಟಿ ಆಕಾರದ ಕೀಲಿ ಹಿಡಿದು ಬಂದು, "ಸ್ವಲ್ಪ ತೊಂದರೆಯಾಗಿದೆಯೇ?" ಎಂದರು. ರಸ್ತೆಬದಿಯ ಪುಟ್ಟ ಕಬ್ಬಿಣದ ಮುಚ್ಚಳ ಎತ್ತಿ, ಕೀಲಿ ಇಳಿಬಿಟ್ಟು, ಇಡೀ ಮನೆಯ ನೀರನ್ನು ಎರಡು ಸುತ್ತಿನಲ್ಲಿ ನಿಲ್ಲಿಸಿದರು. ಜೇಬಿನಿಂದ ಅರ್ಧ ಇಂಚಿನ ವಾಷರನ್ನೂ ತೆಗೆದುಕೊಟ್ಟರು. ಹಾಕಲು ಹತ್ತು ನಿಮಿಷ ಹಿಡಿಯಿತು. ಸೋಮವಾರದ ಪ್ಲಂಬರಿಗೆ ಬೇಡವೆಂದು ಫೋನು ಮಾಡುವಾಗ ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಆ ರಾತ್ರಿ ಬಸ್ಸಾರು ಕುದಿಯುತ್ತಿತ್ತು. ಎಸರಿಗೆ ರಾಗಿಹಿಟ್ಟು ಹಾಕಿದ ಹೆಂಡತಿ ಡ್ರಾಯರುಗಳನ್ನೆಲ್ಲ ಎಳೆದೆಳೆದು ನೋಡುತ್ತಾ, "ರೀ, ಮುದ್ದೆ ಕೋಲು ನೋಡಿದ್ರಾ?" ಎಂದಳು. ನಾನೂ ಮಾವನವರೂ ತಲೆಯೆತ್ತಿ ಸೂರು ನೋಡಿದೆವು.