ಕೌರವನ ಎದುರು ಕೃಷ್ಣ ಕೂತಿರಬೇಕು

ಕಳೆದ ತಿಂಗಳು ಪುಣೆಯ ಕಚೇರಿಯಲ್ಲಿ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬನಿಗೆ ಮೊಬೈಲಿನಲ್ಲಿ ನಮ್ಮೂರ ಯಕ್ಷಗಾನ ಆಟದ ತುಣುಕೊಂದನ್ನು ತೋರಿಸಿದೆ. ಹೊಸನಗರದ ಕಡೆಯ ಗದ್ದೆಯಲ್ಲಿ ನಡೆದ ಹರಕೆ ಆಟ. ಮಹಿಷಾಸುರ ದೊಂದಿಗಳ ನಡುವೆ ಅಬ್ಬರಿಸುತ್ತ ಬರುತ್ತಿದ್ದ. ಅವನು ಅರ್ಧ ನಿಮಿಷ ನೋಡಿ, ಚಪಾತಿ ಮುರಿಯುತ್ತ, "ನಿಮ್ಮ ಖಳನಾಯಕರು ಬರೀ ಕೂಗುತ್ತಾರಲ್ಲ" ಎಂದ. ಸೂಪರ್‌ಹೀರೋ ಸಿನಿಮಾ ಬಂದರೆ ಮೊದಲ ದಿನವೇ ಹೋಗಿ ಕೂರುವ ಆಸಾಮಿ. ಆ ಕ್ಷಣಕ್ಕೆ ನನಗೆ ಉತ್ತರ ಹೊಳೆಯಲಿಲ್ಲ. ಎಂದಿನಂತೆ ರಾತ್ರಿ ಮಲಗಿದ ಮೇಲೆ ಹೊಳೆಯಿತು.

ಮರುದಿನ ಕೇಳಿದೆ: 2013ರಲ್ಲಿ ಬಂದ ಎರಡನೆಯ 'ಥಾರ್' ಚಿತ್ರದ ಮಲೆಕಿತ್ ನೆನಪಿದ್ದಾನೆಯೇ? ಇರಲಿಲ್ಲ. ಇಡೀ ವಿಶ್ವವನ್ನೇ ಕತ್ತಲೆಗೆ ನೂಕಲು ಹೊರಟವನು ಆತ! ಮಳೆಗಾಲದಲ್ಲಿ ನಮ್ಮ ಮನೆಯ ವಿದ್ಯುತ್ ಕಂಬ ಬಿದ್ದು ಕತ್ತಲಾದದ್ದು ನನಗೆ ಅದಕ್ಕಿಂತ ಚೆನ್ನಾಗಿ ನೆನಪಿದೆ. ಮಲೆಕಿತ್ ಹೆಚ್ಚಾಗಿ ಮಾತನಾಡುವುದು ತನ್ನ ಕಡೆಯವರ ಜೊತೆ, ಅದೂ ಸಿನಿಮಾಕ್ಕೆಂದೇ ಕಟ್ಟಿದ ಭಾಷೆಯಲ್ಲಿ. ಎದುರಾಳಿಯ ಮುಂದೆ ಕುಳಿತು ತನ್ನನ್ನು ಸಮರ್ಥಿಸಿಕೊಳ್ಳಬೇಕಾದ ಇಕ್ಕಟ್ಟು ಅವನಿಗೆ ಬರುವುದೇ ಇಲ್ಲ.

ಆಷಾಢದಲ್ಲಿ ನಮ್ಮ ಜಗುಲಿಯ ಮೇಲೆ ತಾಳಮದ್ದಳೆ, ಅಂದರೆ ಕುಣಿತವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ನಡೆಯುತ್ತಿತ್ತು. ಹಂಚಿನ ಮೇಲೆ ಮಳೆ ಎಷ್ಟು ಜೋರೆಂದರೆ ಭಾಗವತರು ಪದ್ಯ ನಿಲ್ಲಿಸಿ ಕಾಯಬೇಕಾಗುತ್ತಿತ್ತು. ಕೃಷ್ಣ ಸಂಧಾನದ ಪ್ರಸಂಗವೆಂದರೆ ಕೌರವನ ಅರ್ಥ, ಅಂದರೆ ಅವನ ಪಾತ್ರದ ಮಾತು, ನಮ್ಮ ದೊಡ್ಡಪ್ಪನದೇ. ವೇಷವಿಲ್ಲ, ಕಿರೀಟವಿಲ್ಲ, ಬಿಳಿ ಪಂಚೆ, ಹೆಗಲ ಮೇಲೆ ಶಾಲು, ಪಕ್ಕದಲ್ಲಿ ಎಲೆಯಡಿಕೆ ತಟ್ಟೆ. ಕೃಷ್ಣ ಮೂರಡಿ ದೂರದಲ್ಲಿ ಕುಳಿತಿರುತ್ತಿದ್ದ. ದೊಡ್ಡಪ್ಪ ಆರಂಭದಲ್ಲಿ ರಾಜ್ಯದ ವಿಷಯಕ್ಕೆ ಕೈಯನ್ನೇ ಹಾಕುತ್ತಿರಲಿಲ್ಲ. ಧ್ವನಿ ತಗ್ಗಿಸಿ ಮೊದಲು ಕೇಳುತ್ತಿದ್ದುದು, "ನನ್ನ ಅರಮನೆಯಲ್ಲಿ ಅಡುಗೆ ಮಾಡಿಸಿಟ್ಟಿದ್ದೆ. ನೀನು ವಿದುರನ ಮನೆಯಲ್ಲಿ ಉಂಡು ಬಂದೆಯಲ್ಲ, ಯಾಕೆ?" ಜಗುಲಿಯಲ್ಲಿದ್ದವರೆಲ್ಲ ತಲೆ ಆಡಿಸುತ್ತಿದ್ದರು. ಕರೆದರೂ ಊಟಕ್ಕೆ ಬಾರದವನ ಮೇಲಿನ ಮುನಿಸು ನಮ್ಮ ಕಡೆ ಯಾರಿಗೆ ಅರ್ಥವಾಗುವುದಿಲ್ಲ? ಅಲ್ಲಿಂದ ಸೂಜಿಮೊನೆಯಷ್ಟು ನೆಲವನ್ನೂ ಕೊಡೆನೆನ್ನುವವರೆಗೆ ಎರಡು ಗಂಟೆ. ಕೃಷ್ಣ ಯಾವ ಕ್ಷಣದಲ್ಲಿ ಏನು ಕೇಳಿಬಿಡುತ್ತಾನೋ ಎಂಬ ಭಯ ಕೌರವನಿಗೂ ಇರುತ್ತಿತ್ತು, ದೊಡ್ಡಪ್ಪನಿಗೂ ಇರುತ್ತಿತ್ತು. ಏಕೆಂದರೆ ಬರೆದಿಟ್ಟ ಸಂಭಾಷಣೆ ಇಬ್ಬರ ಬಳಿಯೂ ಇರಲಿಲ್ಲ.

ಹಾಲಿವುಡ್ಡಿನವರಿಗೆ ಇದು ತಿಳಿಯದ್ದೇನಲ್ಲ. 2017ರ 'ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್'ನಲ್ಲಿ ವಲ್ಚರ್ ಎಂಬ ಖಳನಿದ್ದಾನೆ. ಲೋಕವನ್ನು ಆಳುವ ಆಸೆ ಅವನಿಗಿಲ್ಲ. ಯುದ್ಧದಲ್ಲಿ ಮುರಿದುಬಿದ್ದ ನ್ಯೂಯಾರ್ಕಿನ ಅವಶೇಷ ತೆಗೆಯುವ ಗುತ್ತಿಗೆದಾರ. ಲಾರಿ ಕೊಂಡು, ಆಳುಗಳನ್ನು ಗೊತ್ತುಮಾಡಿಕೊಂಡ ಮೇಲೆ ಸರ್ಕಾರ ಕೆಲಸ ಕಿತ್ತುಕೊಂಡಿತು. ನನ್ನ ಮೈ ಜುಮ್ಮೆಂದದ್ದು ಅವನ ರೆಕ್ಕೆಗಳನ್ನು ಕಂಡಲ್ಲ, ಕಾರಿನ ಪ್ರಸಂಗದಲ್ಲಿ. ಮಗಳನ್ನೂ ಅವಳ ಗೆಳೆಯನನ್ನೂ ಶಾಲೆಯ ನೃತ್ಯಕೂಟಕ್ಕೆ ಬಿಡಲು ಹೊರಟ ತಂದೆ, ಹಿಂದಿನ ಸೀಟಿನ ಹುಡುಗನೇ ಸ್ಪೈಡರ್‌ಮ್ಯಾನ್ ಎಂದು ಅರಿಯುತ್ತಾನೆ. ಸಿಗ್ನಲ್ ದೀಪ ಕೆಂಪಿನಿಂದ ಹಸಿರಾಗಿ ಅವನ ಮುಖದ ಮೇಲೆ ಬೀಳುತ್ತದೆ. ಮಗಳು ಇಳಿದ ಮೇಲೆ ಪಿಸ್ತೂಲು ತೆಗೆದು, ನೀನು ನನ್ನ ಮಗಳ ಜೀವ ಉಳಿಸಿದ್ದೀಯೆ, ಅದಕ್ಕಾಗಿ ಒಂದು ಅವಕಾಶ ಕೊಡುತ್ತೇನೆ ಎನ್ನುತ್ತಾನೆ. ಗೌಜಿಲ್ಲ, ಸ್ಫೋಟವಿಲ್ಲ. ಒಂದು ಕಾರು, ಇಬ್ಬರು. ಇದು ತಾಳಮದ್ದಳೆಯೇ.

2008ರ 'ದಿ ಡಾರ್ಕ್ ನೈಟ್' ಚಿತ್ರದ ಜೋಕರ್ ಕೂಡ ಬೆಳೆಯುವುದು ಪೊಲೀಸ್ ವಿಚಾರಣೆಯ ಕೋಣೆಯಲ್ಲಿ, ಬ್ಯಾಟ್‌ಮ್ಯಾನ್ ಮೇಜಿನ ಆಚೆ ಇದ್ದಾಗ. 'ಬ್ಲ್ಯಾಕ್ ಪ್ಯಾಂಥರ್'ನ ಕಿಲ್‌ಮಾಂಗರ್ ಕೈಕೋಳ ತೊಟ್ಟು ತುಂಬಿದ ಸಭೆಯಲ್ಲಿ ನಿಂತು ಸಿಂಹಾಸನ ಕೇಳುತ್ತಾನೆ. 'ಅವೆಂಜರ್ಸ್' ಚಿತ್ರಗಳ ಖಳ ಥ್ಯಾನೋಸ್‌ನ ಬಗ್ಗೆ ಎಲ್ಲರೂ ಸಾಕಷ್ಟು ಬರೆದಿದ್ದಾರೆ, ಬಿಡಿ.

ಇಷ್ಟನ್ನೂ ಹೇಳಿ ಗೆದ್ದೆನೆಂದುಕೊಂಡೆ. ಆದರೆ ಸಹೋದ್ಯೋಗಿಯ ಮಾತು ಪೂರ್ತಿ ಸುಳ್ಳೇ? ಹೋದ ವರ್ಷ ರಜೆಯಲ್ಲಿ ಊರಿಗೆ ಹೋಗಿ ಕಾಲಮಿತಿಯ ಆಟವೊಂದನ್ನು ನೋಡಿದೆ. ನಡುರಾತ್ರಿಯೊಳಗೆ ಮಂಗಳ ಹಾಡಬೇಕೆಂದು ರಾಕ್ಷಸನ ಒಡ್ಡೋಲಗಕ್ಕೇ, ಅಂದರೆ ಅವನು ರಂಗಕ್ಕೆ ಬಂದು ತನ್ನ ಪರಿಚಯ ಹೇಳಿಕೊಳ್ಳುವ ಭಾಗಕ್ಕೇ, ಕತ್ತರಿ ಹಾಕಿದ್ದರು. ಬಂದ, ಅಬ್ಬರಿಸಿದ, ಸತ್ತ. ಅವನಿಗೂ ಮಲೆಕಿತ್‌ಗೂ ಬಣ್ಣದಲ್ಲಷ್ಟೇ ವ್ಯತ್ಯಾಸ. ಇನ್ನು ಇಡೀ ರಾತ್ರಿಯ ಆಟವನ್ನು ಹೊಗಳುವ ನಾನು ಎಷ್ಟು ಸಲ ಬೆಳಗಿನವರೆಗೆ ಎಚ್ಚರವಿದ್ದೆನೆಂದು ಅಮ್ಮನನ್ನು ಕೇಳಬಾರದು.

ಅಮ್ಮನ ಮಾತು ಬಂದದ್ದರಿಂದ ಒಪ್ಪಿಕೊಳ್ಳಲೇಬೇಕಾದ ಇನ್ನೊಂದು ಸಂಗತಿಯಿದೆ. ಮಾತು ಬಲ್ಲ ಖಳನಿಗೆ ನಾವು ಬೇಗ ಸೋಲುತ್ತೇವೆ. ಒಂದು ಸಲ ಸಂಧಾನ ಮುಗಿದು, ದೊಡ್ಡಪ್ಪನನ್ನು ಎಲ್ಲರೂ ಕೊಂಡಾಡುತ್ತಿದ್ದರು. ಒಳಗಿನ ಬಾಗಿಲ ಬಳಿ ಕುಳಿತು ಕೇಳಿದ್ದ ಅಮ್ಮ ಕಷಾಯ ತಂದುಕೊಟ್ಟು, "ಭಾವ, ಊಟದ ಬಗ್ಗೆ ಅಷ್ಟು ಹೊತ್ತು ಮಾತನಾಡಿದಿರಿ. ದ್ರೌಪದಿಯ ಸೀರೆಯ ವಿಷಯ ಒಂದು ಸಲವೂ ಬರಲಿಲ್ಲ" ಎಂದಳು.

ದೊಡ್ಡಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ಆಗಲೇ ಕಂಬಳಿ ಹೊದ್ದು ಅಂಗಳಕ್ಕೆ ಇಳಿದಿದ್ದ ಕೃಷ್ಣನ ಅರ್ಥಧಾರಿಯತ್ತ ಗಲ್ಲದಿಂದಲೇ ತೋರಿಸಿ, "ಅದನ್ನು ಅವನು ಕೇಳಬೇಕಿತ್ತು. ಕೇಳುತ್ತಾನೆಂದು ರಾತ್ರಿಯಿಡೀ ಹೆದರಿಕೊಂಡೇ ಕೂತಿದ್ದೆ" ಎಂದರು.