"ಏರಿಯಾ ಬದಲಾಗ್ತಿದೆ, ಈಗಲೇ ಮನೆ ತಗೊಳ್ಳಲಾ ಅಕ್ಕಾ?"

ಹೋದ ವಾರ ತಂಗಿ ಫೋನ್ ಮಾಡಿದ್ದಳು. ಗಂಡ ಹೆಂಡತಿ ಇಬ್ಬರೂ ಒಂದು ಮನೆ ನೋಡಿ ಬಂದಿದ್ದಾರೆ. ಹಳೇ ಏರಿಯಾ. ಹತ್ತು ವರ್ಷದ ಹಿಂದೆ ಅಲ್ಲಿ ಮನೆ ಮಾಡುತ್ತೇನೆ ಅಂದರೆ ಯಾರೂ ಹೂಂ ಅನ್ನುತ್ತಿರಲಿಲ್ಲ. ಈಗ ಬೀದಿಯ ಎರಡೂ ಕಡೆ ಹೊಸ ಕಟ್ಟಡ ಏಳುತ್ತಿದೆ. ಬೀಗ ಬಿದ್ದಿದ್ದ ಗೋದಾಮು ಆಫೀಸಾಗಿದೆ. "ಅಕ್ಕಾ, ಈಗ ತಗೊಳ್ಳದಿದ್ರೆ ಮುಂದೆ ಕೈಗೆ ಸಿಗಲ್ಲ ಅಂತ ಏಜೆಂಟ್ ಹೇಳ್ತಿದ್ದಾನೆ. ಏನ್ ಮಾಡ್ಲಿ?" ಅಂದಳು.

ಫೋನಿನಲ್ಲಿ ಅರ್ಧಂಬರ್ಧ ಹೇಳಿದೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ. ಒಂಬತ್ತು ವರ್ಷದ ಹಿಂದೆ ಇಂಥದ್ದೇ ಏರಿಯಾದಲ್ಲಿ ಮನೆ ತಗೊಂಡವರು ನಾವು. ಇದೇ ಪ್ರಶ್ನೆ ಹಿಡಿದು ಒದ್ದಾಡುತ್ತಿರುವವರು ನನ್ನ ಸ್ನೇಹಿತರಲ್ಲೇ ನಾಲ್ಕೈದು ಜನ ಇದ್ದಾರೆ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಬೀದಿ ಇವತ್ತು ಹೇಗಿದೆಯೋ ಹಾಗೇ ಇನ್ನು ಹತ್ತು ವರ್ಷ ಇದ್ದರೂ ನೀವು ಅಲ್ಲಿ ನೆಮ್ಮದಿಯಾಗಿ ಇರಬಲ್ಲಿರಾ? ಹೌದು ಅನ್ನುವುದಾದರೆ ತಗೊಳ್ಳಿ. ಮುಂದೆ ಚೆನ್ನಾಗಿ ಆಗುತ್ತದೆ ಅನ್ನುವ ಒಂದೇ ಆಸೆಗೆ ಸಾಲ ಮಾಡಬೇಡಿ.

ಇದು ಇವತ್ತು ನಿನ್ನೆಯ ಕಥೆ ಅಲ್ಲ. ಲಂಡನ್ನಿನಲ್ಲಿ ದುಡಿಯುವ ಜನ ಇದ್ದ ಹಳೇ ಬೀದಿಗಳಿಗೆ ಅನುಕೂಲಸ್ಥರು ಬಂದರು. ಮನೆ ಕೊಂಡು ರಿಪೇರಿ ಮಾಡಿಸಿದರು. ಬೆಲೆ ಏರಿತು, ಮೊದಲಿದ್ದವರು ಗಂಟುಮೂಟೆ ಕಟ್ಟಿದರು. ಇದನ್ನು ನೋಡಿ ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ 1964ರಲ್ಲಿ ಅದಕ್ಕೆ ಜೆಂಟ್ರಿಫಿಕೇಶನ್ ಅಂತ ಹೆಸರಿಟ್ಟರು. ಅದರ ಹಿಂದಿನ ದುಡ್ಡಿನ ಲೆಕ್ಕವನ್ನು ನೀಲ್ ಸ್ಮಿತ್ ಎಂಬ ಭೂಗೋಳ ತಜ್ಞರು 1979ರಲ್ಲಿ ಬಿಡಿಸಿ ಹೇಳಿದರು. ಒಂದು ಜಾಗದಿಂದ ಈಗ ಎಷ್ಟು ಹುಟ್ಟುತ್ತಿದೆ, ಅದೇ ಜಾಗವನ್ನು ಚೆನ್ನಾಗಿ ಬಳಸಿದರೆ ಎಷ್ಟು ಹುಟ್ಟಬಹುದು? ಈ ಎರಡರ ನಡುವಿನ ಅಂತರ ದೊಡ್ಡದಾದಾಗ ದುಡ್ಡು ಅಲ್ಲಿಗೆ ನುಗ್ಗುತ್ತದೆ. ನಗರದ ನಡುವೆಯೇ ಇದ್ದು ಪಾಳು ಬಿದ್ದ ಬೀದಿಗಳ ಮೇಲೆ ಎಲ್ಲರ ಕಣ್ಣು ಬೀಳುವುದು ಇದಕ್ಕೇ.

ಈಗ ಯೋಚನೆ ಮಾಡಿ. ಆ ಅಂತರ ದೊಡ್ಡದಿದ್ದಾಗ ಕೊಂಡವರಿಗೆ ಲಾಭ. ಏಜೆಂಟ್ ನಿಮ್ಮನ್ನು ಕರೆದು ಮನೆ ತೋರಿಸುವ ಹೊತ್ತಿಗೆ ಅದರಲ್ಲಿ ಮುಕ್ಕಾಲು ಪಾಲು ಮಾರುವವರ ಜೇಬಿಗೆ ಲೆಕ್ಕ ಆಗಿರುತ್ತದೆ. ಇನ್ನೂ ಬಾರದ ರೈಲು, ಇನ್ನೂ ಆಗದ ಪಾರ್ಕು, ಎಲ್ಲವನ್ನೂ ಸೇರಿಸಿಯೇ ಬೆಲೆ ಹೇಳುತ್ತಾರೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಕುಲಾವಿಯ ಖರ್ಚು ಮಾತ್ರ ನಮ್ಮದು.

ನಮಗೂ ಒಂದು ಬಣ್ಣದ ನಕ್ಷೆ ತೋರಿಸಿದ್ದರು. ಸ್ಟೇಷನ್ ಬರುವ ಕಡೆ ಕೆಂಪು ಚುಕ್ಕೆ. "ಎರಡೇ ವರ್ಷ ಮೇಡಂ, ನಡ್ಕೊಂಡು ಹೋಗಬಹುದು" ಅಂದರು. ಸ್ಟೇಷನ್ ಬಾಗಿಲು ತೆರೆದದ್ದು ಏಳನೇ ವರ್ಷಕ್ಕೆ. ಅಲ್ಲಿಯವರೆಗೆ ಅಗೆದ ರಸ್ತೆ, ಧೂಳು, ರಾತ್ರಿಯೆಲ್ಲ ಯಂತ್ರದ ಸದ್ದು. ಒಂದನೇ ಕ್ಲಾಸಿನಲ್ಲಿದ್ದ ಮಗ ಎಂಟನೇ ಕ್ಲಾಸಿಗೆ ಬಂದ. ನಮಗೆ ಕೆಲಸ ಗಟ್ಟಿಯಾಗಿತ್ತು, ಕಾಯಲು ಆಯಿತು. ನಡುವೆ ಮಾರಲೇಬೇಕಾದ ಪರಿಸ್ಥಿತಿ ಬಂದಿದ್ದರೆ ದೇವರೇ ಗತಿ ಅನ್ನಬೇಕಿತ್ತು.

ರೈಲು ಬಂದ ಮೇಲೂ ಅದೊಂದನ್ನೇ ನೆಚ್ಚಿಕೊಂಡರೆ ಕಷ್ಟ. ನ್ಯೂಯಾರ್ಕಿನ ವಿಲಿಯಮ್ಸ್‌ಬರ್ಗ್ ನೋಡಿ. ಕಾರ್ಖಾನೆ, ಗೋದಾಮುಗಳಿದ್ದ ಜಾಗ. ಬಾಡಿಗೆ ಕಡಿಮೆ ಅಂತ ಮೊದಲು ಕಲಾವಿದರು ಬಂದರು, ಅವರ ಹಿಂದೆ ಸಂಬಳದವರು. 2005ರಲ್ಲಿ ನಗರಾಡಳಿತ ನಿಯಮ ಬದಲಿಸಿ, ಅಲ್ಲಿನ ನದಿ ದಂಡೆಯ ಕೈಗಾರಿಕಾ ಜಾಗದಲ್ಲಿ ವಾಸದ ಮನೆ ಕಟ್ಟಲು ಬಿಟ್ಟಿತು. ಸಾಲುಸಾಲು ಗಾಜಿನ ಕಟ್ಟಡ ಎದ್ದವು. ಅಲ್ಲಿಂದ ನಗರದ ಮುಖ್ಯ ಭಾಗವಾದ ಮ್ಯಾನ್‌ಹಟನ್‌ಗೆ ತುಂಬಾ ಜನ ಹೋಗುವುದು ಎಲ್ ಎಂಬ ರೈಲಿನಲ್ಲಿ. 2012ರ ಸ್ಯಾಂಡಿ ಚಂಡಮಾರುತಕ್ಕೆ ಆ ರೈಲಿನ ಸುರಂಗದೊಳಗೆ ಉಪ್ಪು ನೀರು ನುಗ್ಗಿತು. ರಿಪೇರಿಗಾಗಿ 2019ರಿಂದ ವರ್ಷಕ್ಕೂ ಜಾಸ್ತಿ ಕಾಲ ಸುರಂಗ ಮುಚ್ಚುತ್ತೇವೆ ಅಂತ 2016ರಲ್ಲಿ ಹೇಳಿದರು. ಹೇಳಿದ್ದಷ್ಟೇ, ಬಾಡಿಗೆಗೆ ಬರುವವರು ಹಿಂದೆಮುಂದೆ ನೋಡತೊಡಗಿದರು. ಕೊನೆಗೆ 2019ರ ಜನವರಿಯಲ್ಲಿ ಪೂರ್ತಿ ಮುಚ್ಚುವ ಯೋಜನೆಯನ್ನೇ ಕೈಬಿಟ್ಟರು. ಆ ನಡುವಿನ ದಿನಗಳಲ್ಲಿ ಮನೆ ಮಾರಲು ಹೊರಟವರ ಹೊಟ್ಟೆಯೊಳಗಿನ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ.

ಆ 2005ರ ನಿಯಮದಂಥದ್ದು ನಿಮ್ಮ ಏರಿಯಾಕ್ಕೂ ಬರಬಹುದು. ಹೊಸ ಅಂಗಡಿಗಳನ್ನು ನೋಡಿ ಜನ ಏರಿಯಾ ಏಳುತ್ತಿದೆ ಅನ್ನುತ್ತಾರೆ. ನಾನು ಮಾತ್ರ "ಪಕ್ಕದ ಖಾಲಿ ಜಾಗ ನೋಡಿ" ಅನ್ನುತ್ತೇನೆ. ಅಲ್ಲಿ ಎಷ್ಟು ಮಹಡಿ ಕಟ್ಟಲು ಅವಕಾಶ ಇದೆ ಅನ್ನುವುದು ಯೋಜನಾ ಕಚೇರಿಯ ದಾಖಲೆಯಲ್ಲಿ ಇರುತ್ತದೆ. ಹೋಗಿ ಕೇಳಿ. ಬೆಳಕು ಬರುತ್ತದೆ ಅಂತ ಇಷ್ಟಪಟ್ಟು ಕೊಂಡ ಕಿಟಕಿಯ ಎದುರಿಗೆ ನಾಳೆ ಹತ್ತು ಮಹಡಿ ಎದ್ದರೆ ಯಾರ ಹತ್ತಿರ ದೂರು ಹೇಳುತ್ತೀರಿ?

ಮನೆಯನ್ನೂ ಸುಮ್ನೆ ಕಣ್ಣಿನಲ್ಲಿ ನೋಡಿ ಬರಬೇಡಿ. ಇಂಥ ಏರಿಯಾಗಳಲ್ಲಿ ಹಳೇ ಮನೆಯನ್ನು ಕಡಿಮೆಗೆ ಕೊಂಡು, ಬಣ್ಣ ಬಳಿದು, ಆರು ತಿಂಗಳಲ್ಲಿ ಮಾರುವವರು ಜಾಸ್ತಿ. ನಾವು ಮೊದಲು ಮೆಚ್ಚಿದ್ದ ಮನೆ ಬೇರೆಯೇ. ಹೊಸ ಬಣ್ಣ, ಹೊಸ ಟೈಲ್ಸ್, ಹೊಳೆಯುವ ನಲ್ಲಿಗಳು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳಲು ಗೋಡೆಗೆ ಕೈ ಊರಿದೆ. ಅಂಗೈ ತಣ್ಣಗಾಯಿತು. ಬೆರಳಿನಲ್ಲಿ ಒತ್ತಿದರೆ ಬಣ್ಣ ಬಿಸ್ಕತ್ತಿನ ಹಾಗೆ ಒಳಗೆ ಹೋಯಿತು, ಹಿಂದೆ ಹಸಿ ಹಸಿ ಸುಣ್ಣ. ಒಳಗಿನ ಪೈಪು ಎಷ್ಟೋ ವರ್ಷದಿಂದ ಸೋರುತ್ತಿತ್ತು. ಮೇಲೆ ಥಳುಕು, ಒಳಗೆ ಹುಳುಕು. ತಿಳಿದ ಎಂಜಿನಿಯರ್ ಒಬ್ಬರನ್ನು ಕರೆದುಕೊಂಡು ಹೋಗಿ. ಅವರಿಗೆ ಕೊಡುವ ಫೀಸು ದಂಡ ಅಲ್ಲವೇ ಅಲ್ಲ.

ತೆರಿಗೆಯನ್ನೂ ಮರೆಯುತ್ತೇವೆ. ಬೆಲೆ ಏರಿತು ಅಂತ ಖುಷಿಪಡುತ್ತೇವೆ, ಮಾರದೆ ಅಲ್ಲೇ ಇರುವವರಿಗೆ ಅದರಿಂದ ಬರುವುದು ದೊಡ್ಡ ತೆರಿಗೆ ಬಿಲ್ಲು ಮಾತ್ರ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಗರದ ಎಲ್ಲ ಆಸ್ತಿಗಳ ಬೆಲೆಯನ್ನು ಹೊಸದಾಗಿ ಲೆಕ್ಕ ಹಾಕಿದಾಗ, ಹತ್ತಾರು ವರ್ಷದಿಂದ ಸ್ವಂತ ಮನೆಯಲ್ಲಿ ಇದ್ದವರ ತೆರಿಗೆಯೂ ಒಮ್ಮೆಗೇ ಹಾರಿತು. ಹತ್ತು ವರ್ಷಕ್ಕಿಂತ ಜಾಸ್ತಿ ಅಲ್ಲೇ ವಾಸ ಇದ್ದು, ಮನೆಯ ಮೌಲ್ಯ ವಿಪರೀತ ಏರಿದವರಿಗೆ ಅಂತಲೇ 2014ರಲ್ಲಿ ಒಂದು ರಿಯಾಯಿತಿ ಯೋಜನೆ ತರಬೇಕಾಯಿತು. ಕಂತು ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ.

ಒಂದು ರೂಮನ್ನು ಪ್ರವಾಸಿಗಳಿಗೆ ಬಿಟ್ಟು ಕಂತು ಕಟ್ಟುತ್ತೇವೆ ಅನ್ನುವವರೂ ಇದ್ದಾರೆ. ಆ ದುಡ್ಡನ್ನು ಲೆಕ್ಕಕ್ಕೆ ಹಿಡಿಯಬೇಡಿ. ನ್ಯೂಯಾರ್ಕ್ 2023ರಿಂದ ಅದಕ್ಕೆ ಬಿಗಿ ಮಾಡಿದೆ. ಬಾರ್ಸಿಲೋನಾ ಪ್ರವಾಸಿ ಫ್ಲಾಟುಗಳ ಪರವಾನಗಿಯನ್ನು 2028ರ ಹೊತ್ತಿಗೆ ಪೂರ್ತಿ ನಿಲ್ಲಿಸುತ್ತೇವೆ ಅಂದಿದೆ. ಮನೆ ಬೆಲೆ ಇಳಿಯುವುದೇ ಇಲ್ಲ ಅನ್ನುವ ಮಾತೂ ಅಷ್ಟೇ. 2006ರಿಂದ 2012ರ ನಡುವೆ ಅಮೆರಿಕದಲ್ಲಿ ಮನೆ ಬೆಲೆ ಒಟ್ಟಾರೆ ಕಾಲು ಭಾಗಕ್ಕಿಂತ ಜಾಸ್ತಿ ಬಿದ್ದಿತ್ತು.

ಇಷ್ಟೆಲ್ಲ ಹೇಳಿದರೂ ನಾವು ಮನೆ ತಗೊಂಡಿದ್ದಕ್ಕೆ ನನಗೆ ಬೇಸರ ಇಲ್ಲ. ಬೀದಿ ದೀಪ ಬಂತು. ರಾತ್ರಿ ಒಂಬತ್ತಕ್ಕೆ ಒಬ್ಬಳೇ ನಡೆದು ಬರಬಲ್ಲೆ. ಬೇಸರ ಇರುವುದು ಬೇರೆ ವಿಷಯಕ್ಕೆ.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ವಯಸ್ಸಾದ ಅಮ್ಮ ಇದ್ದರು. ಬಾಡಿಗೆ ಮನೆ, ಮೂವತ್ತು ವರ್ಷದಿಂದ. ಅವರ ಬಾಗಿಲ ಹಿಂದೆ ಒಂದು ಮೊಳೆ, ಅದರಲ್ಲಿ ನಮ್ಮ ಮನೆಯ ಇನ್ನೊಂದು ಕೀಲಿ. ಮಗ ಸ್ಕೂಲಿನಿಂದ ಬೇಗ ಬಂದರೆ ಅವರೇ ಬಾಗಿಲು ತೆರೆದು ಕೂರಿಸುತ್ತಿದ್ದರು. ಬೀದಿಯಲ್ಲಿ ಯಾರಿಗೆ ಹುಷಾರಿಲ್ಲ, ಯಾವ ಮನೆ ಖಾಲಿ ಆಗುತ್ತಿದೆ, ಎಲ್ಲ ಅವರಿಗೆ ಗೊತ್ತು. ಸ್ಟೇಷನ್ ತೆರೆದ ವರ್ಷವೇ ಮನೆ ಮಾಲೀಕರು ಬಾಡಿಗೆ ಎರಡು ಪಟ್ಟು ಕೇಳಿದರು. ಹೊರಡುವ ದಿನ ಬೆಳಗ್ಗೆ ಅವರು ಬಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಇನ್ನು ಯಾರ ಹತ್ರ ಕೊಡ್ತೀಯಮ್ಮ?" ಅಂತ ಕೇಳಿದರು. ನನಗೆ ಮಾತೇ ಹೊರಡಲಿಲ್ಲ.

ಆ ಬಾಡಿಗೆ ಏರಿದ್ದರಲ್ಲಿ ನಮ್ಮ ಪಾಲೂ ಇದೆ. ನಮ್ಮಂಥವರು ಬಂದೆವು ಅಂತಲೇ ಅದು ಏರಿದ್ದು. ಏರಿಯಾ ಚೆನ್ನಾಗಿದೆ ಅಂತ ನಾವು ಬಂದೆವಲ್ಲ, ಅದನ್ನು ಚೆನ್ನಾಗಿ ಇಟ್ಟಿದ್ದವರು ಅವರು. ಮನೆ ಕೊಳ್ಳುವವರು ಇದನ್ನು ತಿಳಿದೇ ಕೊಳ್ಳಬೇಕು ಅನ್ನುವುದು ನನ್ನ ಅನಿಸಿಕೆ. ಬಾಡಿಗೆದಾರರನ್ನು ಎಬ್ಬಿಸಿ ಖಾಲಿ ಮಾಡಿಕೊಡುತ್ತೇನೆ ಅನ್ನುವ ಮನೆಯನ್ನು ನಾನಾದರೆ ಕೊಳ್ಳುವುದಿಲ್ಲ. ಬಾಡಿಗೆಗೆ ಮಿತಿ ಹಾಕಿ ಅಂತ ಅಕ್ಕಪಕ್ಕದವರು ಸಭೆ ಸೇರಿದರೆ ಮಾಲೀಕರಾದ ನಾವೂ ಹೋಗಿ ಕೂರಬೇಕು.

ತಂಗಿಗೆ ಹೇಳಿದ್ದೇನೆ, ಮುಂಗಡ ಕೊಡುವ ಮುಂಚೆ ಮೂರು ಸಲ ಆ ಬೀದಿಗೆ ಹೋಗು. ಕೆಲಸದ ದಿನ ಬೆಳಗ್ಗೆ ಒಮ್ಮೆ, ರಾತ್ರಿ ಹತ್ತಕ್ಕೆ ಒಮ್ಮೆ, ಜೋರು ಮಳೆ ಬಂದ ದಿನ ಒಮ್ಮೆ. ಏಜೆಂಟ್ ಜೊತೆಗೆ ಬೇಡ. ಪಕ್ಕದ ಮನೆಯ ಬಾಗಿಲು ತಟ್ಟಿ ಎಷ್ಟು ವರ್ಷದಿಂದ ಇದ್ದೀರಿ ಅಂತ ಕೇಳು. ಭಾನುವಾರ ರಾತ್ರಿ ಹೋಗುತ್ತಿದ್ದಾಳೆ. ನಾನೂ ಜೊತೆಗೆ ಬರುತ್ತೇನೆ ಅಂದಿದ್ದೇನೆ.